ಕೈ ಎತ್ತಿದರೆ ಕೋಟು ಪೂರ್ತಿ ಮೇಲೆ ಬರುತ್ತಿದೆ: ಕಾಸ್‌ಪ್ಲೇ ಕೋಟಿನ ಕಂಕುಳು ಸರಿ ಮಾಡುವುದು ಹೇಗೆ?

ನೀಲಿದಾರ

ಎಲ್ಲರಿಗೂ ನಮಸ್ಕಾರ. ಇದುವರೆಗೆ ಎರಡು ಕಾಸ್‌ಪ್ಲೇ (ಕಥೆಯ ಪಾತ್ರದ ಹಾಗೆ ವೇಷ ಹಾಕುವುದು) ಮಾಡಿದ್ದೇನೆ. ಎರಡರಲ್ಲೂ ಹೊಲಿಗೆ ಕಡಿಮೆ. ರೆಡಿಮೇಡ್ ಬಟ್ಟೆಗೆ ಪಟ್ಟಿ, ಲೇಸು ಸೇರಿಸಿದ್ದೇ ಜಾಸ್ತಿ. ಈ ಸಲ ಮೊದಲಿಂದ ಕೊನೆವರೆಗೂ ನಾನೇ ಹೊಲಿಯಬೇಕು ಅಂತ ಹಟ ಹಿಡಿದು ಕೂತಿದ್ದೇನೆ.

ಪಾತ್ರ ಒಬ್ಬ ಮಂತ್ರವಾದಿ ಯೋಧ. ಮೀನಖಂಡದವರೆಗೆ ಬರುವ ಕಡುನೀಲಿ ಕೋಟು, ಗದ್ದ ಮುಟ್ಟುವ ಕಾಲರ್, ಎರಡೂ ಭುಜಕ್ಕೆ ಕವಚ, ಕೈಯಲ್ಲಿ ಉದ್ದ ದಂಡ. ದಂಡವನ್ನು ಎರಡೂ ಕೈಯಲ್ಲಿ ತಲೆಯ ಮೇಲೆ ಎತ್ತಿ ನಿಲ್ಲುವುದೇ ಅವನ ಗುರುತು. ಆ ಒಂದು ಭಂಗಿಗೋಸ್ಕರವೇ ಈ ಪಾತ್ರ ಆರಿಸಿಕೊಂಡೆ.

ನಿನ್ನೆ ತೋಳು ಜೋಡಿಸಿ ಹಾಕಿಕೊಂಡು ನೋಡಿದೆ. ಕೈ ಇಳಿಬಿಟ್ಟಾಗ ಚೆನ್ನಾಗಿಯೇ ಕಾಣುತ್ತದೆ. ಕೈ ಎತ್ತಿದೆನೋ, ಕೋಟು ಪೂರ್ತಿ ಜೊತೆಗೇ ಎದ್ದು ಬರುತ್ತದೆ. ಕಾಲರ್ ಕಿವಿ ದಾಟುತ್ತದೆ. ಕೆಳಗಿನ ಅಂಚು 14 ಸೆಂ.ಮೀ. ಮೇಲೆ ಹೋಗುತ್ತದೆ, ಟೇಪು ಹಿಡಿದು ಅಳತೆ ಮಾಡಿದೆ. ಕೈ ಇಳಿಸಿದ ಮೇಲೆ ಕೋಟು ತಾನಾಗಿ ಕೆಳಗೆ ಬರುವುದಿಲ್ಲ, ಎಳೆದು ಸರಿ ಮಾಡಬೇಕು.

ಕೈಯಾಡಲು ಜಾಗ ಬೇಕು ಅಂತಲೇ ನಾನು ಆರ್ಮ್‌ಹೋಲ್ (ತೋಳು ಕೂಡುವ ಕಿಂಡಿ) ಅನ್ನು 5 ಸೆಂ.ಮೀ. ಕೆಳಗೆ ಇಳಿಸಿ ಕತ್ತರಿಸಿದ್ದೆ. ಇನ್ನೂ ಸಾಲದೇನೋ ಅನಿಸುತ್ತಿದೆ. ಇನ್ನಷ್ಟು ಕತ್ತರಿಸಲಾ? ಬಟ್ಟೆ ಗ್ಯಾಬರ್ಡೀನ್, ಒತ್ತಾಗಿ ನೇಯ್ದದ್ದು. ಉಳಿದಿರುವುದು ಸುಮಾರು 60 ಸೆಂ.ಮೀ. ಮಾತ್ರ. ಅಸ್ತರ್ ಇನ್ನೂ ಹಾಕಿಲ್ಲ.

ಪಟಾಪಟ್

ಇನ್ನೊಂದು 3 ಸೆಂ.ಮೀ. ಇಳಿಸಿ ನೋಡಿ. ದೊಡ್ಡದಾದಷ್ಟೂ ಸಲೀಸು ಅಲ್ವಾ?

ಹಳೇಮೆಷಿನ್

ನೀಲಿದಾರ ಅವರೇ, ದಯವಿಟ್ಟು ಕತ್ತರಿ ಕೆಳಗಿಡಿ. ಪೂರ್ತಿ ಓದಿದ ಮೇಲೆ ಎತ್ತಿಕೊಳ್ಳಿ.

ಆರ್ಮ್‌ಹೋಲ್ ಕೆಳಗೆ ಹೋದಷ್ಟೂ ಕೈ ಎತ್ತುವುದು ಕಷ್ಟ. ಕೇಳಿದರೆ ಉಲ್ಟಾ ಅನಿಸುತ್ತದೆ, ಆದರೆ ಇದೇ ನಿಜ. ಹೀಗೆ ನೋಡಿ. ಸೊಂಟದಿಂದ ಪಕ್ಕದ ಹೊಲಿಗೆ ಹಿಡಿದು ಮೇಲೆ ಬನ್ನಿ. ಕಂಕುಳು ದಾಟಿ ತೋಳಿನ ಒಳಹೊಲಿಗೆ ಹಿಡಿದು ಮಣಿಕಟ್ಟಿನವರೆಗೆ ಹೋಗಿ. ಕೈ ಎತ್ತಿದಾಗ ನಿಮ್ಮ ಮೈ ಮೇಲೆ ಈ ದಾರಿ ಉದ್ದವಾಗುತ್ತದೆ. ಬಟ್ಟೆಯ ದಾರಿಯೂ ಅಷ್ಟೇ ಉದ್ದ ಇರಬೇಕು. ಆರ್ಮ್‌ಹೋಲ್ ಇಳಿಸಿದಾಗ ಪಕ್ಕದ ಹೊಲಿಗೆ ಗಿಡ್ಡವಾಯಿತು. ನೀವು ಕತ್ತರಿಸಿ ತೆಗೆದ ಆ 5 ಸೆಂ.ಮೀ. ಬಟ್ಟೆಯೇ ಕೈ ಎತ್ತಲು ಬೇಕಾಗಿದ್ದ ಬಟ್ಟೆ. ಈಗ ತೋಳು ನಿಮ್ಮ ಪಕ್ಕೆಲುಬಿನ ಹತ್ತಿರ ಕಟ್ಟಿ ಹಾಕಿದ ಹಾಗಿದೆ. ಕೈ ಮೇಲೆ ಹೋದರೆ ಪಕ್ಕೆಲುಬಿನಿಂದ ಕೆಳಗಿರುವ ಬಟ್ಟೆಯೆಲ್ಲ ಹಿಂದೆಯೇ ಹೋಗಬೇಕು. ಬೇರೆ ದಾರಿ ಅದಕ್ಕಿಲ್ಲ.

ಡ್ಯಾನ್ಸ್ ಮಾಡುವವರ ಕೋಟು ಹೊಲಿಯುವವರನ್ನು ಕೇಳಿ. ಆರ್ಮ್‌ಹೋಲ್ ಅನ್ನು ಕಂಕುಳಿಗೆ ಎಷ್ಟು ಹತ್ತಿರ ತರಬಹುದೋ ಅಷ್ಟು ಹತ್ತಿರ ತರುತ್ತಾರೆ. ಮೊದಲ ಸಲ ಹಾಕಿಕೊಂಡಾಗ ಸ್ವಲ್ಪ ಬಿಗಿ ಅನಿಸುತ್ತದೆ. ಕೈ ಎತ್ತಿದರೆ ಕೋಟು ಅಲುಗುವುದಿಲ್ಲ.

ಇನ್ನೊಂದು ವಿಷಯ ತೋಳಿನ ಮೇಲ್ಭಾಗದ ಗುಡ್ಡ, ಅಂದರೆ ತೋಳಿನ ತುಂಡಿನಲ್ಲಿ ಭುಜದ ಕಡೆ ಉಬ್ಬಿರುವ ಕಮಾನು. ಅದು ಎತ್ತರವಿದ್ದರೆ ತೋಳು ನೇರವಾಗಿ, ಸುಕ್ಕಿಲ್ಲದೆ ಇಳಿಯುತ್ತದೆ. ಸೂಟಿನ ತೋಳು ಹಾಗೆಯೇ ಇರುವುದು. ಗುಡ್ಡ ತಗ್ಗಾಗಿ, ತೋಳು ಅಗಲವಾಗಿದ್ದರೆ ಕೈ ಸಲೀಸಾಗಿ ಏಳುತ್ತದೆ, ಇಳಿಸಿದಾಗ ಮಾತ್ರ ಕಂಕುಳಲ್ಲಿ ನೆರಿಗೆ ಬೀಳುತ್ತದೆ. ಟೀ ಶರ್ಟು ಹೀಗೆ. ಎರಡೂ ಪೂರ್ತಿಯಾಗಿ ಒಟ್ಟಿಗೆ ಸಿಗುವುದಿಲ್ಲ. ನಿಮ್ಮ ಪಾತ್ರ ಹೆಚ್ಚು ಹೊತ್ತು ಹೇಗೆ ನಿಲ್ಲುತ್ತಾನೆ ಅಂತ ನೋಡಿ ಆರಿಸಿಕೊಳ್ಳಬೇಕು.

ನಿಮ್ಮ ತೋಳಿನ ಗುಡ್ಡ ಎಷ್ಟು ಎತ್ತರ ಇದೆ? ಪ್ಯಾಟರ್ನ್ ಎಲ್ಲಿಂದ ತಗೊಂಡಿರಿ?

ನೀಲಿದಾರ

ಉತ್ತರ ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಆಮೇಲೆ ಒಂದು ಉದ್ದ ದಾರ ತಗೊಂಡು ಸೊಂಟದಿಂದ ಮಣಿಕಟ್ಟಿನವರೆಗೆ ಹಿಡಿದು ನೋಡಿದೆ. ದಾರವನ್ನು ಕಂಕುಳಿನೊಳಗೆ ಒತ್ತಿ ಹಿಡಿದಾಗ ಕೈ ಆರಾಮಾಗಿ ಏಳುತ್ತದೆ. ಪಕ್ಕೆಲುಬಿನಿಂದ ಸೀದಾ ಕೈಗೆ ಎಳೆದು ಹಿಡಿದರೆ ಅರ್ಧಕ್ಕೇ ಬಿಗಿಯುತ್ತದೆ. ಈಗ ಅರ್ಥವಾಯಿತು. ಹೇಳಿಕೊಡುವವರು ಯಾರೂ ಇಲ್ಲದಿದ್ದರೆ ಇನ್ನೊಂದು 3 ಸೆಂ.ಮೀ. ಖಂಡಿತ ಕತ್ತರಿಸುತ್ತಿದ್ದೆ.

ಪ್ಯಾಟರ್ನ್ ಅಂತ ಬೇರೆ ಇರಲಿಲ್ಲ. ನನ್ನ ಒಂದು ದೊಗಳೆ ಜಾಕೆಟ್ ಇಟ್ಟು ಸುತ್ತ ಗುರುತು ಹಾಕಿಕೊಂಡೆ. ತೋಳಿನ ಗುಡ್ಡ 15 ಸೆಂ.ಮೀ. ಇದೆ. ಬೇರೆ ತೋಳು ಕತ್ತರಿಸಲು ಬಟ್ಟೆ ಇಲ್ಲ. ಇದೇ ಕೋಟು ಉಳಿಸಬಹುದಾ?

ಹಳೇಮೆಷಿನ್

ಉಳಿಸಬಹುದು. ಕಂಕುಳಲ್ಲಿ ಒಂದು ತುಂಡು ಸೇರಿಸಬೇಕು. ಗಸೆಟ್ ಅಂತಾರೆ. 60 ಸೆಂ.ಮೀ. ಬಟ್ಟೆ ಧಾರಾಳ ಸಾಕು.

ಪಕ್ಕದ ಹೊಲಿಗೆ ಮತ್ತು ತೋಳಿನ ಒಳಹೊಲಿಗೆ ಕಂಕುಳಲ್ಲಿ ಬಂದು ಸೇರುತ್ತವಲ್ಲ, ಅಲ್ಲಿಂದ ಎರಡೂ ಕಡೆಗೆ 10 ಸೆಂ.ಮೀ. ಹೊಲಿಗೆ ಬಿಚ್ಚಿ. ಪಕ್ಕದಲ್ಲಿ ಕೆಳಗೆ ಹತ್ತು, ತೋಳಿನಲ್ಲಿ ಮುಂದಕ್ಕೆ ಹತ್ತು. ಅಡ್ಡ ಹೋಗುವ ಆರ್ಮ್‌ಹೋಲ್ ಹೊಲಿಗೆಯನ್ನು ಬಿಚ್ಚಬೇಡಿ. ಆ ಕೂಡುವ ಬಿಂದುವಿನಲ್ಲಿ ಮಾತ್ರ ಮುಂಭಾಗ, ಹಿಂಭಾಗ ಬೇರೆಯಾಗಬೇಕು. ಈಗ ನಾಲ್ಕು ಅಂಚಿನ ಒಂದು ಕಿಂಡಿ ಆಗುತ್ತದೆ, ಒಂದೊಂದು ಅಂಚು 10 ಸೆಂ.ಮೀ. ಅದಕ್ಕೆ 13 ಸೆಂ.ಮೀ. ಚೌಕದ ತುಂಡು ಕತ್ತರಿಸಿಕೊಳ್ಳಿ. ಸುತ್ತಲೂ 1.5 ಸೆಂ.ಮೀ. ಮಾರ್ಜಿನ್ ಹೋದರೆ ಸರಿಯಾಗಿ ಹತ್ತು ಉಳಿಯುತ್ತದೆ. ಚೌಕವನ್ನು ತಿರುಗಿಸಿ ವಜ್ರದ ಆಕಾರದಲ್ಲಿ ಕೂರಿಸಿ. ಒಂದು ಮೂಲೆ ತೋಳಿನ ಕಡೆ, ಅದರ ಎದುರಿನದು ಪಕ್ಕದ ಹೊಲಿಗೆ ಕಡೆ, ಉಳಿದೆರಡು ಮುಂದೆ ಮತ್ತು ಹಿಂದೆ ಆರ್ಮ್‌ಹೋಲ್ ಹೊಲಿಗೆ ಮುಗಿಯುವ ಜಾಗಕ್ಕೆ.

ಚೌಕವನ್ನು ಬಟ್ಟೆಯ ನೇರ ಎಳೆಗೆ ಕತ್ತರಿಸಿ. ಆಗ ತಿರುಗಿಸಿ ಕೂರಿಸಿದಾಗ ಕೈ ಎಳೆಯುವ ದಿಕ್ಕಿಗೆ ಬಟ್ಟೆಯ ಓರೆ (ಮೂಲೆಯಿಂದ ಮೂಲೆಗೆ ಹೋಗುವ ದಿಕ್ಕು) ಬರುತ್ತದೆ. ಓರೆಯಲ್ಲಿ ನೇಯ್ದ ಬಟ್ಟೆಯೂ ಸ್ವಲ್ಪ ಹಿಗ್ಗುತ್ತದೆ. ಅದು ನಮಗೆ ಲಾಭ.

ಇಲ್ಲಿ ಎಲ್ಲರೂ ತಪ್ಪುವುದು ಮೂಲೆಯಲ್ಲಿ. ಮೆಷಿನ್ನಿನಲ್ಲಿ ಮೂಲೆ ತಿರುಗಿಸಿ ಒಂದೇ ಸಲ ಸುತ್ತಲೂ ಹೊಲಿಯಲು ಹೋಗಬೇಡಿ. ನಾಲ್ಕು ಬದಿಯನ್ನು ನಾಲ್ಕು ಬೇರೆ ಹೊಲಿಗೆಯಾಗಿ ಹಾಕಿ. ಪ್ರತಿ ಹೊಲಿಗೆಯೂ ಮಾರ್ಜಿನ್ ಗೆರೆ ಕೂಡುವ ಬಿಂದುವಿನಲ್ಲಿ ನಿಲ್ಲಬೇಕು, ಬಟ್ಟೆಯ ತುದಿಯವರೆಗೆ ಹೋಗಬಾರದು. ಬಿಂದುಗಳನ್ನು ಮೊದಲೇ ಚಾಕಿನಲ್ಲಿ ಗುರುತು ಮಾಡಿ. ಹಿಂದೆ ಚಿಕ್ಕ ಫ್ಯೂಸಿಂಗ್ (ಬಿಸಿಗೆ ಅಂಟುವ ಬಟ್ಟೆ) ತುಂಡು ಇಸ್ತ್ರಿ ಮಾಡಿ ಅಂಟಿಸಿ. ಎಲ್ಲ ಎಳೆತ ಬೀಳುವುದು ಆ ನಾಲ್ಕು ಬಿಂದುಗಳ ಮೇಲೆಯೇ.

ಮೊದಲು ಕೋರಾ ಬಟ್ಟೆಯಲ್ಲಿ ಒಂದು ಕಡೆ ಕಚ್ಚಾ ಹೊಲಿಗೆ ಹಾಕಿ ಕೈ ಎತ್ತಿ ನೋಡಿ. ಸಾಲದಿದ್ದರೆ ಚೌಕವನ್ನು, ಮಾರ್ಜಿನ್ ಬಿಟ್ಟು, 10ರಿಂದ 12ಕ್ಕೆ ಹೆಚ್ಚಿಸಿ. ನೀಲಿ ಬಟ್ಟೆ ಕತ್ತರಿಸುವುದು ಅದಾದ ಮೇಲೆ.

ಕಚ್ಚಾಹೊಲಿಗೆ

ಕೋರಾ ಬಟ್ಟೆಯ ಟ್ರಯಲ್ ಬಗ್ಗೆ ನಾನೂ ಒಂದು ಮಾತು ಸೇರಿಸುತ್ತೇನೆ. ಅದನ್ನು ಹಾಕಿಕೊಂಡು ಕನ್ನಡಿ ಮುಂದೆ ನೆಟ್ಟಗೆ ನಿಂತು ನೋಡಿದರೆ ಏನೂ ಗೊತ್ತಾಗುವುದಿಲ್ಲ. ಕೂರಬೇಕು, ಬಗ್ಗಬೇಕು, ಮೆಟ್ಟಿಲು ಹತ್ತಬೇಕು, ಪಾತ್ರದ ಭಂಗಿಗಳನ್ನೆಲ್ಲ ಮಾಡಬೇಕು. ಒಳಗೆ ಏನೇನು ಹಾಕುತ್ತೀರೋ ಅದನ್ನೆಲ್ಲ ಹಾಕಿಕೊಂಡೇ ಮಾಡಬೇಕು. ಒಂದು ಸಲ ನಾನು ತೆಳು ಟೀ ಶರ್ಟಿನ ಮೇಲೆ ಟ್ರಯಲ್ ನೋಡಿದ್ದೆ. ಕೊನೆಗೆ ಒಳಗೆ ಪ್ಯಾಡ್ ಹಾಕಿದ ಜಾಕೆಟ್ ಬಂತು. ಮುಂದಿನ ಗುಂಡಿ ಒಂದೂ ಕೂಡಲಿಲ್ಲ.

ಅಂದಹಾಗೆ ಬಿಚ್ಚುವಾಗ ಬ್ಲೇಡು ಬೇಡ. ಸೀಮ್ ರಿಪ್ಪರ್ ತಗೊಂಡು ಒಂದು ಕಡೆಯಿಂದ ಮೂರು ನಾಲ್ಕು ಹೊಲಿಗೆಗೆ ಒಂದನ್ನು ಕತ್ತರಿಸುತ್ತಾ ಹೋಗಿ. ಆಮೇಲೆ ಹಿಂದಿನ ದಾರ ಎಳೆದರೆ ಪೂರ್ತಿ ಬರುತ್ತದೆ. ಗ್ಯಾಬರ್ಡೀನ್ ಅಂಚು ಬೇಗ ಎಳೆ ಬಿಡುತ್ತದೆ, ಬಿಚ್ಚಿದ ಕೂಡಲೇ ಜಿಗ್‌ಜಾಗ್ ಹಾಕಿಬಿಡಿ.

ಫೋಮ್‌ಪ್ರೇಮಿ

ಭುಜಕ್ಕೆ ಕವಚ ಇದೆ ಅಂದಿರಿ. ಅದು ಆಗಿದೆಯಾ? ಗಸೆಟ್ ಹಾಕಿ ಕೈ ಏಳುವಂತೆ ಮಾಡಿಕೊಂಡರೂ ಕವಚ ಅಡ್ಡ ಬಂದರೆ ಮತ್ತೆ ಅಲ್ಲೇ ನಿಲ್ಲುತ್ತೀರಿ. ಕೈ ಎತ್ತಿದಾಗ ಭುಜ ಕಿವಿಯ ಕಡೆ ಹೋಗುತ್ತದೆ. ದೊಡ್ಡ ಬಟ್ಟಲಿನಂಥ ಒಂದೇ ತುಂಡಿನ ಕವಚ ಇದ್ದರೆ ಅದರ ಒಳ ಅಂಚು ಸೀದಾ ಕುತ್ತಿಗೆಗೆ ಚುಚ್ಚುತ್ತದೆ. ಕಾಲರ್ ಬೇರೆ ಎತ್ತರ ಇದೆ.

ನಾನು ಮಾಡುವುದು ಹೀಗೆ. ಕವಚವನ್ನು ಮೂರು ನಾಲ್ಕು ಪಟ್ಟಿಗಳಾಗಿ ಮಾಡಿ, ಮೀನಿನ ಹುರುಪೆಯ ಹಾಗೆ ಒಂದರ ಮೇಲೊಂದು ಬರುವಂತೆ ಒಳಗಿನಿಂದ ಎಲಾಸ್ಟಿಕ್ ಪಟ್ಟಿಗೆ ಅಂಟಿಸುತ್ತೇನೆ. ಕೈ ಎತ್ತಿದಾಗ ಪಟ್ಟಿಗಳು ಒಂದರೊಳಗೊಂದು ಜಾರುತ್ತವೆ. ಕೋಟಿಗೆ ಅಂಟಿಸುವುದೇ ಇಲ್ಲ. ಭುಜದ ಹೊಲಿಗೆಯ ಮೇಲೆ ಒಂದೇ ಜಾಗದಲ್ಲಿ ಎರಡು ದಪ್ಪ ಟಿಚ್ ಬಟನ್, ಕೆಳಗೆ ತೋಳಿನ ಸುತ್ತ ಒಂದು ಎಲಾಸ್ಟಿಕ್. ಕೋಟು ಒಗೆಯಬೇಕಾದಾಗ ಕವಚ ತೆಗೆದಿಡಬಹುದು. ಟಿಚ್ ಬಟನ್ ಕೂರುವ ಜಾಗಕ್ಕೆ ಒಳಗಿನಿಂದ ಕ್ಯಾನ್ವಾಸ್ ತುಂಡು ಕೊಡಿ, ಇಲ್ಲದಿದ್ದರೆ ಭಾರಕ್ಕೆ ಬಟ್ಟೆ ಹರಿಯುತ್ತದೆ.

ನೀಲಿದಾರ

ಕವಚ ಇನ್ನೂ ಶುರುವೇ ಮಾಡಿಲ್ಲ. 10 ಮಿ.ಮೀ. ಇವಿಎ ಫೋಮ್ (ರಬ್ಬರಿನಂಥ ಹಗುರ ಪ್ಲಾಸ್ಟಿಕ್) ಹಾಳೆ ತಂದಿಟ್ಟಿದ್ದೇನೆ. ಅಂಟು ಯಾವುದು ಬಳಸಲಿ?

ಫೋಮ್‌ಪ್ರೇಮಿ

10 ಮಿ.ಮೀ. ಒಂದೇ ತುಂಡಿನ ಎದೆಕವಚಕ್ಕೆ ಸರಿ. ಜಾರುವ ಪಟ್ಟಿಗಳಿಗೆ ದಪ್ಪವಾಯಿತು. 5 ಮಿ.ಮೀ. ತನ್ನಿ. ಮೇಲಿನ ಅಲಂಕಾರದ ಗೆರೆಗಳಿಗೆ 2 ಮಿ.ಮೀ. ಸಾಕು.

ಅಂಟು ಕಾಂಟ್ಯಾಕ್ಟ್ ಸಿಮೆಂಟ್. ಕೂಡಬೇಕಾದ ಎರಡೂ ಬದಿಗೆ ತೆಳುವಾಗಿ ಬಳಿದು, ಮುಟ್ಟಿದರೆ ಕೈಗೆ ಅಂಟದಷ್ಟು ಒಣಗಲು ಬಿಡಬೇಕು. ಹೆಚ್ಚಿನವರು ಇಲ್ಲೇ ಅವಸರ ಮಾಡುತ್ತಾರೆ. ಹಸಿಯಾಗಿದ್ದಾಗ ಒತ್ತಿದರೆ ಜಾರುತ್ತದೆ. ಒಣಗಿದ ಮೇಲೆ ಒತ್ತಿದರೆ ಆ ಕ್ಷಣಕ್ಕೆ ಹಿಡಿದುಕೊಳ್ಳುತ್ತದೆ, ಮತ್ತೆ ಸರಿಸಲು ಆಗುವುದಿಲ್ಲ. ಹಾಗಾಗಿ ಒಂದು ತುದಿಯಿಂದ ನಿಧಾನವಾಗಿ ಕೂಡಿಸುತ್ತಾ ಹೋಗಿ.

ಬಾಗಿಸಲು ಹೀಟ್ ಗನ್. ಬಿಸಿ ತಾಗಿದಾಗ ಫೋಮ್ ಮೆತ್ತಗಾಗುತ್ತದೆ. ತೊಡೆಯ ಮೇಲೋ ಚೆಂಡಿನ ಮೇಲೋ ಬಾಗಿಸಿ ಹಿಡಿದು ತಣ್ಣಗಾಗಲು ಬಿಟ್ಟರೆ ಅದೇ ಆಕಾರ ನಿಲ್ಲುತ್ತದೆ. ಇದೇ ಬಿಸಿಗೆ ಮೇಲ್ಮೈಯ ಸಣ್ಣ ರಂಧ್ರಗಳೂ ಮುಚ್ಚಿಕೊಳ್ಳುತ್ತವೆ, ಬಣ್ಣ ಹೀರುವುದು ಕಡಿಮೆಯಾಗುತ್ತದೆ. ಆಮೇಲೆ ಪ್ರೈಮರ್ ಕೋಟಿಂಗ್, ಅದರ ಮೇಲೆ ಬಣ್ಣ. ಬಾಗುವ ಜಾಗಕ್ಕೆ ಬಾಗುವ ಪ್ರೈಮರ್ರೇ ಬೇಕು, ಗಟ್ಟಿಯಾಗುವಂಥದ್ದು ಬಳಿದರೆ ಬಿರುಕು ಬಿಡುತ್ತದೆ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಕಾಂಟ್ಯಾಕ್ಟ್ ಸಿಮೆಂಟಿನಲ್ಲಿ ಟಾಲ್ವೀನ್‌ನಂಥ ದ್ರಾವಕಗಳು ಇರುತ್ತವೆ. ಅದರ ಆವಿ ತಲೆಸುತ್ತು ತರಿಸುತ್ತದೆ, ನರಗಳಿಗೆ ಒಳ್ಳೆಯದಲ್ಲ. ಬಟ್ಟೆಯ ಮಾಸ್ಕು, ಧೂಳಿನ ಮಾಸ್ಕು ಆವಿಯನ್ನು ತಡೆಯುವುದಿಲ್ಲ. ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಜ್ ಇರುವ ಮಾಸ್ಕೇ ಬೇಕು. ಕಿಟಕಿ ಬಾಗಿಲು ತೆರೆದಿರಬೇಕು, ಹತ್ತಿರ ಬೆಂಕಿ ಇರಬಾರದು. ಫೋಮ್ ಉಜ್ಜುವಾಗ ಏಳುವ ಪುಡಿಗೆ ಧೂಳಿನ ಮಾಸ್ಕು ಮತ್ತು ಕನ್ನಡಕ. ಇದೆಲ್ಲ ಜಾಸ್ತಿ ಆಯಿತು ಅನಿಸಬಹುದು. ಮುಚ್ಚಿದ ಕೋಣೆಯಲ್ಲಿ ಎರಡು ಗಂಟೆ ಅಂಟು ಬಳಿದು, ಆಮೇಲೆ ಎದ್ದು ನಿಲ್ಲಲಾಗದೆ ಗೋಡೆ ಹಿಡಿದು ಹೊರಗೆ ಬಂದವನು ನಾನು. ಹಾಗಾಗಿ ಕೇಳುತ್ತೇನೆ, ಮಾಸ್ಕು ತಂದ ಮೇಲೆಯೇ ಅಂಟಿನ ಮುಚ್ಚಳ ತೆಗೆಯಿರಿ.

ಮೊದಲಸಲ

ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ನನ್ನ ಹತ್ತಿರ ಹೊಲಿಗೆ ಮೆಷಿನ್ ಇಲ್ಲ. ಒಂದು ಸಾದಾ ಗಿಡ್ಡ ಮೇಲಂಗಿ, ಮೊಣಕಾಲಿನವರೆಗಿನ ಗಂಟೆಯಾಕಾರದ ಲಂಗ ಮಾಡಬೇಕು. ಹಾಟ್ ಗ್ಲೂ ಗನ್‌ನಲ್ಲಿ ಅಂಟಿಸಿದರೆ ನಡೆಯುತ್ತದಾ?

ಪಟಾಪಟ್

ನಾನು ಒಂದು ಪೂರ್ತಿ ಡ್ರೆಸ್ ಹಾಟ್ ಗ್ಲೂನಲ್ಲೇ ಮಾಡಿದ್ದೇನೆ. ಒಂದು ದಿನಕ್ಕೆ ಸಾಕು.

ಕಚ್ಚಾಹೊಲಿಗೆ

ಒಂದು ದಿನಕ್ಕೂ ನಾನು ಒಪ್ಪುವುದಿಲ್ಲ, ಪಟಾಪಟ್. ಹಾಟ್ ಗ್ಲೂ ಬಿಸಿಗೆ ಕರಗಿಸಿ ಹಾಕುವ ಅಂಟು. ಮತ್ತೆ ಬಿಸಿ ತಾಗಿದರೆ ಮತ್ತೆ ಮೆತ್ತಗಾಗುತ್ತದೆ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಡ್ರೆಸ್ ಇಟ್ಟು ಬಂದರೆ ಸಾಕು. ಜೊತೆಗೆ ಒಣಗಿದ ಮೇಲೆ ಅದು ಗಟ್ಟಿ ಪಟ್ಟಿಯಾಗುತ್ತದೆ, ಬಟ್ಟೆ ಅಲ್ಲಿ ಮಡಚುವುದೇ ಇಲ್ಲ. ಕಲ್ಲು, ಮಣಿ, ಹೂವು ಕೂರಿಸಲು ನಾನೂ ಬಳಸುತ್ತೇನೆ. ಮೈಯ ಎಳೆತ ಬೀಳುವ ಜಾಗಕ್ಕೆ ದಾರವೇ ಆಗಬೇಕು.

ಮೊದಲಸಲ ಅವರೇ, ಮೆಷಿನ್ ಇಲ್ಲ ಅಂತ ಹಿಂಜರಿಯಬೇಡಿ. ಹೊಲಿಗೆ ಮೆಷಿನ್ ಬಳಕೆಗೆ ಬಂದದ್ದೇ 19ನೇ ಶತಮಾನದಲ್ಲಿ. ಅದಕ್ಕೂ ಮುಂಚಿನ ರಾಜರ ಉಡುಪು, ಸೈನಿಕರ ಕೋಟು, ಹಡಗಿನ ಹಾಯಿ ಎಲ್ಲವೂ ಕೈಹೊಲಿಗೆ. ನೀವು ಕಲಿಯಬೇಕಾದ್ದು ಮುಖ್ಯವಾಗಿ ಬ್ಯಾಕ್ ಸ್ಟಿಚ್. ಸೂಜಿ ಮುಂದೆ ಬಂದು, ಒಂದು ಹೆಜ್ಜೆ ಹಿಂದೆ ಹೋಗಿ ಚುಚ್ಚಿ, ಎರಡು ಹೆಜ್ಜೆ ಮುಂದೆ ಏಳುತ್ತದೆ. ಪ್ರತಿ ಹೊಲಿಗೆ ಹಿಂದಿನದರ ಮೇಲೆ ಒರಗುವುದರಿಂದ ಒಂದು ಎಳೆ ಕಿತ್ತರೂ ಪೂರ್ತಿ ಬಿಚ್ಚಿಕೊಳ್ಳುವುದಿಲ್ಲ. ದಾರ ನಿಮ್ಮ ತೋಳಿನಷ್ಟು ಉದ್ದ ಇರಲಿ, ಅದಕ್ಕಿಂತ ಉದ್ದವಾದರೆ ಗಂಟು ಬೀಳುತ್ತದೆ. ದಾರವನ್ನು ಮೇಣದ ಮೇಲೆ ಎರಡು ಸಲ ಎಳೆದುಕೊಳ್ಳಿ.

ಲಂಗಕ್ಕೆ ಪೂರ್ಣ ವೃತ್ತದ ಕಟಿಂಗ್ ಸುಲಭ, ಹೊಲಿಗೆಯೂ ಕಡಿಮೆ. ಸೊಂಟದ ಸುತ್ತಳತೆಯನ್ನು 6.28ರಿಂದ ಭಾಗಿಸಿ. 70 ಸೆಂ.ಮೀ. ಸೊಂಟಕ್ಕೆ ಸುಮಾರು 11 ಸೆಂ.ಮೀ. ಬರುತ್ತದೆ. ಅದು ಒಳಗಿನ ವೃತ್ತದ ತ್ರಿಜ್ಯ. ಅದಕ್ಕೆ ಲಂಗದ ಉದ್ದ ಕೂಡಿಸಿದರೆ ಹೊರಗಿನ ವೃತ್ತ. ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ, ಮೂಲೆಯಿಂದ ದಾರ ಹಿಡಿದು ಎರಡು ಕಮಾನು ಎಳೆದು ಕತ್ತರಿಸಿ. ಒಳಗಿನ ವೃತ್ತವನ್ನು ಮೊದಲು ಒಂದು ಸೆಂ.ಮೀ. ಚಿಕ್ಕದಾಗಿಯೇ ಕತ್ತರಿಸಿ. ದೊಡ್ಡದು ಮಾಡುವುದು ಕಷ್ಟವಲ್ಲ. ಚಿಕ್ಕದು ಮಾಡಲು ಆಗುವುದಿಲ್ಲ.

ಮೊದಲಸಲ

ತುಂಬ ಥ್ಯಾಂಕ್ಸ್ ಅಕ್ಕ. ಇವತ್ತೇ ಹಳೇ ಬೆಡ್‌ಶೀಟಿನಲ್ಲಿ ಮಾಡಿ ನೋಡುತ್ತೇನೆ.

ಸುಮ್ನೆಕೇಳ್ದೆ

ಎಲ್ಲ ಓದಿದೆ. ಒಂದು ಪ್ರಶ್ನೆ ಇದೆ, ಬೇಜಾರು ಮಾಡಿಕೊಳ್ಳಬೇಡಿ. ಇಷ್ಟೆಲ್ಲ ಕಷ್ಟ ಯಾಕೆ? ರೆಡಿ ಕಾಸ್ಟ್ಯೂಮ್ ಸಿಗುತ್ತದೆ. ಟೇಲರ್‌ಗೆ ಚಿತ್ರ ಕೊಟ್ಟರೆ ಹೊಲಿದೂ ಕೊಡುತ್ತಾರೆ.

ನೀಲಿದಾರ

ಬೇಜಾರಿಲ್ಲ. ನನ್ನ ಮೊದಲ ಎರಡು ಕಾಸ್‌ಪ್ಲೇ ಹೆಚ್ಚುಕಡಿಮೆ ಹಾಗೆಯೇ ಆಗಿದ್ದು. ಅದರಲ್ಲಿ ತಪ್ಪೇನೂ ಇಲ್ಲ, ಆ ದಿನ ತುಂಬ ಖುಷಿಪಟ್ಟಿದ್ದೆ.

ಆದರೆ ಈ ಮೂರು ವಾರದಲ್ಲಿ ಆ ಪಾತ್ರವನ್ನು ನೋಡಿದಷ್ಟು ಹತ್ತಿರದಿಂದ ನಾನು ಯಾವುದನ್ನೂ ನೋಡಿಲ್ಲ. ಕೋಟಿನ ಹಿಂದೆ ಸೀಳು ಎಲ್ಲಿಂದ ಶುರುವಾಗುತ್ತದೆ, ಪಟ್ಟಿ ಗುಂಡಿಯ ಮೇಲೆ ಹೋಗುತ್ತದಾ ಕೆಳಗೆ ಹೋಗುತ್ತದಾ, ಒಂದು ಪುಟದಲ್ಲಿ ಅಸ್ತರ್ ಕೆಂಪು, ಇನ್ನೊಂದರಲ್ಲಿ ಬೂದು. ಇವನು ಕುದುರೆ ಹತ್ತುವವನು, ಹಾಗಾಗಿ ಹಿಂದೆ ಸೀಳು ಬೇಕೇ ಬೇಕು ಅಂತ ಹೊಳೆದದ್ದು ಬಟ್ಟೆ ಕೈಯಲ್ಲಿ ಹಿಡಿದಾಗ. ಓದುವಾಗ ಇದು ನನಗೆ ಕಂಡಿರಲಿಲ್ಲ.

ಹಳೇಮೆಷಿನ್

ಸುಮ್ನೆಕೇಳ್ದೆ ಅವರಿಗೆ ಒಂದು ಹಳೇ ಕಥೆ. 1939ರ ಜುಲೈನಲ್ಲಿ ನ್ಯೂಯಾರ್ಕ್‌ನಲ್ಲಿ ಮೊದಲ ವಿಶ್ವ ವೈಜ್ಞಾನಿಕ ಕಥಾ ಸಮ್ಮೇಳನ ನಡೆಯಿತು. ಅಲ್ಲಿಗೆ ಅಭಿಮಾನಿ ಫಾರೆಸ್ಟ್ ಆಕರ್‌ಮನ್ ಮತ್ತು ಅವರ ಗೆಳತಿ ಮರ್ಟಲ್ ಡಗ್ಲಸ್ ಭವಿಷ್ಯದ ಜನರ ವೇಷ ಹಾಕಿಕೊಂಡು ಬಂದರು. ಎರಡೂ ಉಡುಪನ್ನು ಹೊಲಿದವರು ಮರ್ಟಲ್. ಅಭಿಮಾನಿಗಳ ನಡುವೆ ಮೊರೊಯೊ ಅಂತ ಅವರ ಹೆಸರು. ಆಗಿನ ಕಥಾಪತ್ರಿಕೆಗಳಲ್ಲಿ ಫ್ರಾಂಕ್ ಆರ್. ಪಾಲ್ ಬರೆಯುತ್ತಿದ್ದ ಚಿತ್ರಗಳು ಅದಕ್ಕೆ ಸ್ಫೂರ್ತಿ. ಕಾಸ್‌ಪ್ಲೇ ಅನ್ನುವ ಪದ ಜಪಾನಿನಲ್ಲಿ ಹುಟ್ಟಿದ್ದು 1980ರ ದಶಕದಲ್ಲಿ. ಅದಕ್ಕೂ ನಾಲ್ಕು ದಶಕ ಮುಂಚೆಯೇ ಒಬ್ಬ ಹೆಣ್ಣುಮಗಳು ಪತ್ರಿಕೆಯ ಚಿತ್ರ ಎದುರಿಗಿಟ್ಟುಕೊಂಡು, ಇದನ್ನು ಬಟ್ಟೆಯಲ್ಲಿ ಹೇಗೆ ತರಲಿ ಅಂತ ಯೋಚಿಸಿದ್ದರು. ನೀಲಿದಾರ ಈಗ ಮಾಡುತ್ತಿರುವುದೂ ಅದನ್ನೇ. ಅವರ ಬಗ್ಗೆ ಓದಿದಾಗಲೆಲ್ಲ ನನಗೆ ಮೆಷಿನ್ ಮುಂದೆ ಕೂರಬೇಕು ಅನಿಸುತ್ತದೆ.

ಚಿತ್ರದ ಕೋಟಿಗೆ ಭಾರ ಇಲ್ಲ, ಹೊಲಿಗೆ ಇಲ್ಲ. ಚಿತ್ರದವನು ಕೈ ಎತ್ತಿದರೆ ಬರೆಯುವವರು ಇನ್ನೊಂದು ಗೆರೆ ಎಳೆಯುತ್ತಾರೆ, ಕೋಟು ಸರಿಯಾಗಿಯೇ ಕೂರುತ್ತದೆ. ಕಂಕುಳ ಲೆಕ್ಕ ನಾವು ಹಾಕಬೇಕು. ಟೇಲರ್ ಹಾಕಿಕೊಟ್ಟರೂ ಸಂತೋಷವೇ. ಆದರೆ ದಂಡ ಎತ್ತಿ ನಿಲ್ಲುತ್ತೀರಿ ಅಂತ ಅವರಿಗೆ ಹೇಳುವುದನ್ನು ಮರೆಯಬೇಡಿ.

ಸುಮ್ನೆಕೇಳ್ದೆ

ಹೀಗೆ ಯೋಚಿಸಿರಲಿಲ್ಲ. ಮರ್ಟಲ್ ಬಗ್ಗೆ ಇನ್ನಷ್ಟು ಓದುತ್ತೇನೆ.

ಗುಂಗುರು

ನೀಲಿದಾರ, ನಿಮ್ಮ ಪಾತ್ರಕ್ಕೆ ಉದ್ದ ಕೂದಲಾ? ಹೌದಾದರೆ ಕಾಲರಿನ ಹೊರಬದಿಗೆ ಒರಟು ಬಟ್ಟೆ ಹಾಕಬೇಡಿ. ವಿಗ್ಗಿನ ಕೂದಲು ಉಜ್ಜಿ ಉಜ್ಜಿ ಕತ್ತಿನ ಹಿಂದೆ ಜಡೆಗಟ್ಟುತ್ತದೆ. ಗ್ಯಾಬರ್ಡೀನ್ ನುಣುಪು, ತೊಂದರೆ ಇಲ್ಲ. ಕಾಲರ್ ಒಳಬದಿಗೆ ಸ್ಯಾಟಿನ್ ಕೊಡಿ, ಕುತ್ತಿಗೆಗೂ ಹಿತ.

ನೀಲಿದಾರ

ಬೆನ್ನಿನ ಅರ್ಧದವರೆಗೆ ಬರುವ ಬಿಳಿ ಕೂದಲು. ಒಳ್ಳೆ ಸಮಯಕ್ಕೆ ಹೇಳಿದಿರಿ. ಈಗ ಇರುವುದು ಟ್ರಯಲ್ ಕಾಲರ್, ನಿಜವಾದದ್ದು ಇನ್ನೂ ಕತ್ತರಿಸಿಲ್ಲ. ಅದು ಗದ್ದದವರೆಗೆ ಬಗ್ಗದೆ ನಿಲ್ಲಬೇಕು. ಒಳಗೆ ಬಕ್ರಂ (ಗಟ್ಟಿ ಮಾಡಿದ ಒರಟು ಬಟ್ಟೆ) ಒಂದೇ ಸಾಕಾ?

ಹಳೇಮೆಷಿನ್

ಎರಡು ಪದರ ಬಕ್ರಂ ಹಾಕಿದರೆ ಮೊದಲ ದಿನ ನಿಲ್ಲುತ್ತದೆ. ಬಕ್ರಂಗೆ ಇರುವ ಗಟ್ಟಿತನ ಗಂಜಿಯದ್ದು. ಕುತ್ತಿಗೆಯ ಬೆವರು ತಾಗಿ ಸಂಜೆಗೆ ಮೆತ್ತಗಾಗುತ್ತದೆ, ಒಮ್ಮೆ ಮಡಚಿದರೆ ಗೆರೆ ಉಳಿಯುತ್ತದೆ. ಕಾಲರ್ ಒಳಗೆ 2 ಮಿ.ಮೀ. ಇವಿಎ ಫೋಮ್ ಇಡಿ, ಎರಡೂ ಕಡೆ ಫ್ಯೂಸಿಂಗ್ ಹಾಕಿದ ಬಟ್ಟೆ. ಫೋಮ್ ತುಂಡನ್ನು ಮಾರ್ಜಿನ್ ಇಲ್ಲದೆ ಕತ್ತರಿಸಿ, ಹೊಲಿಗೆಯೊಳಗೆ ಸಿಕ್ಕಿಕೊಳ್ಳಬಾರದು. ಫ್ಯೂಸಿಂಗ್ ಇಸ್ತ್ರಿಯೆಲ್ಲ ಮುಗಿಸಿ ಆಮೇಲೆ ಫೋಮ್ ಸೇರಿಸಿ. ಮೇಲೆ ಇಸ್ತ್ರಿ ಇಟ್ಟರೆ ಅದು ಕುಗ್ಗುತ್ತದೆ.

ಮುಂದಿನ ಎರಡು ಮೂಲೆಯಲ್ಲಿ ಒಂದೊಂದು ಕೇಬಲ್ ಟೈ ಕಡ್ಡಿ ನಿಲ್ಲಿಸಿ. ಎಲೆಕ್ಟ್ರಿಕ್ ಕೆಲಸಕ್ಕೆ ಬಳಸುವ ದಪ್ಪ ಪ್ಲಾಸ್ಟಿಕ್ ಟೈಗಳು. ತುದಿಯನ್ನು ದುಂಡಗೆ ಉಜ್ಜಿ, ಚಿಕ್ಕ ಬಟ್ಟೆ ಚೀಲದೊಳಗೆ ಹೊಲಿದು ಕೂರಿಸಿ. ಕೋರ್ಸೆಟ್ ಮಾಡುವವರೂ ಇದನ್ನೇ ಬಳಸುತ್ತಾರೆ.

ನೀಲಿದಾರ (ಒಂಬತ್ತು ದಿನದ ನಂತರ)

ಬಂದೆ. ತಡವಾಯಿತು.

ಮೊದಲು ಕೋರಾ ಬಟ್ಟೆಯಲ್ಲಿ 10ರ ಚೌಕ ಇಟ್ಟೆ. ಕೋಟು ಏಳುವುದು 14ರಿಂದ 7ಕ್ಕೆ ಇಳಿಯಿತು. 12ರ ಚೌಕ ಮಾಡಿ, ಹೊಲಿಗೆಯನ್ನು ಇನ್ನೂ 2 ಸೆಂ.ಮೀ. ಬಿಚ್ಚಿದೆ. 5ಕ್ಕೆ ಬಂತು. ಅಲ್ಲಿಗೆ ನಿಲ್ಲಿಸಿದೆ. ಅದಕ್ಕಿಂತ ದೊಡ್ಡದಾದರೆ ಕೈ ಇಳಿಸಿದಾಗ ಕಂಕುಳಲ್ಲಿ ಬಟ್ಟೆ ಮುದ್ದೆಯಾಗುತ್ತಿತ್ತು.

ನೀಲಿ ಬಟ್ಟೆಯಲ್ಲಿ ಎಡಗಡೆ ಮೊದಲ ಸಲ ಕೆಟ್ಟಿತು. ಒಂದು ಹೊಲಿಗೆ ಬಿಂದು ದಾಟಿ ಮುಂದೆ ಹೋಗಿ ಮೂಲೆಯಲ್ಲಿ ಸುಕ್ಕು ಬಂತು. ಬಿಚ್ಚಿ ಮತ್ತೆ ಹಾಕಿದೆ. ಬಲಗಡೆ ಬಿಂದುವಿಗೆ ಎರಡು ಹೊಲಿಗೆ ಬಾಕಿ ಇರುವಾಗ ಮೋಟಾರು ಬಿಟ್ಟು ಕೈಯಲ್ಲೇ ಚಕ್ರ ತಿರುಗಿಸಿದೆ. ಸರಿಯಾಗಿ ಕೂತಿತು. 80ರ ಸೂಜಿ ತೆಗೆದು ಅದಕ್ಕಿಂತ ದಪ್ಪದ 90/14 ಹಾಕಿದ ಮೇಲೆ ನಾಲ್ಕು ಪದರ ಬಂದಲ್ಲೂ ಹೊಲಿಗೆ ತಪ್ಪಲಿಲ್ಲ.

ನಿನ್ನೆ ರಾತ್ರಿ ಹಾಕಿಕೊಂಡು ಪೊರಕೆ ಕೋಲನ್ನು ದಂಡದ ಹಾಗೆ ಎತ್ತಿ ನಿಂತೆ. ಕಾಲರ್ ಗದ್ದದ ಹತ್ತಿರವೇ ಇತ್ತು. ಕೈ ಇಳಿಸಿದೆ, ಕೋಟು ತಾನೇ ಕೆಳಗೆ ಬಂತು. ಕನ್ನಡಿ ಮುಂದೆ ಹತ್ತಿಪ್ಪತ್ತು ಸಲ ಎತ್ತಿ ಇಳಿಸಿರಬೇಕು. ಕಣ್ಣಲ್ಲಿ ನೀರು ಬಂತು, ನಿಜವಾಗಿ.

ಹಳೇಮೆಷಿನ್ ಅವರಿಗೆ, ಎಲ್ಲರಿಗೂ ತುಂಬ ಧನ್ಯವಾದ. ಕವಚಕ್ಕೆ 5 ಮಿ.ಮೀ. ಫೋಮ್ ಬಂದಿದೆ. ಮಾಸ್ಕೂ ಬಂದಿದೆ.

ಪಟಾಪಟ್

ಓದಿ ಖುಷಿಯಾಯಿತು. ಮೊದಲು ತಪ್ಪು ಸಲಹೆ ಕೊಟ್ಟಿದ್ದಕ್ಕೆ ಕ್ಷಮಿಸಿ. ನನ್ನ ಹಳೇ ಜಾಕೆಟ್ಟಿನ ಆರ್ಮ್‌ಹೋಲ್ ಅಳತೆ ಮಾಡಿದೆ. ಅದರಲ್ಲಿ ಕೈ ಯಾಕೆ ಏಳುತ್ತಿರಲಿಲ್ಲ ಅಂತ ಈಗ ಗೊತ್ತಾಯಿತು. ಅದಕ್ಕೂ ಚೌಕ ಹಾಕುತ್ತೇನೆ.

ಮೊದಲಸಲ

ನನ್ನ ಲಂಗವೂ ಆಯಿತು! ಪೂರ್ತಿ ಕೈಹೊಲಿಗೆ, ನಾಲ್ಕು ಸಂಜೆ ಹಿಡಿಯಿತು. ಆದರೆ ಕೆಳಗಿನ ಅಂಚು ಅಲ್ಲಲ್ಲಿ ಇಳಿಬಿದ್ದಿದೆ. ಕತ್ತರಿಸುವಾಗ ಸರಿಯಾಗಿಯೇ ಇತ್ತು.

ಕಚ್ಚಾಹೊಲಿಗೆ

ಅದು ನಿಮ್ಮ ತಪ್ಪಲ್ಲ. ವೃತ್ತದ ಕಟಿಂಗ್‌ನಲ್ಲಿ ಕೆಲವು ಭಾಗ ಓರೆ ಎಳೆಗೆ ಬರುತ್ತದೆ. ತನ್ನ ಭಾರಕ್ಕೆ ಅಲ್ಲಿ ಬಟ್ಟೆ ಹಿಗ್ಗುತ್ತದೆ. ಹೆಮ್ಮಿಂಗ್ ಬಿಚ್ಚಿ, ಸೊಂಟಪಟ್ಟಿಗೆ ಕ್ಲಿಪ್ ಹಾಕಿ ಒಂದು ದಿನ ಪೂರ್ತಿ ನೇತುಹಾಕಿ. ಇಳಿಯುವುದೆಲ್ಲ ಇಳಿಯಲಿ. ಆಮೇಲೆ ಹಾಕಿಕೊಂಡು ನಿಲ್ಲಿ, ಬೇರೆಯವರಿಗೆ ನೆಲದಿಂದ ಸ್ಕೇಲ್ ಹಿಡಿದು ಸುತ್ತಲೂ ಗುರುತು ಹಾಕಲು ಹೇಳಿ. ಆ ಗುರುತಿಗೆ ಕತ್ತರಿಸಿ ಮಡಚಿ.

ನೀಲಿದಾರ, ನಿಮ್ಮ ಕೋಟಿನ ಕೆಳಭಾಗವೂ ಅಗಲ ಇದೆ ಅಲ್ವಾ? ನೀವೂ ನೇತುಹಾಕಿ.

ನೀಲಿದಾರ

ಬೆಳಿಗ್ಗೆಯೇ ನೇತುಹಾಕಿದ್ದೇನೆ. ನಾಳೆ ಸಂಜೆ ಕೆಳಗಿನ ಮಡಿಕೆ ಹಾಕುವ ಯೋಚನೆ.

ಹಳೇಮೆಷಿನ್

ಪಾತ್ರದ ಬೂಟು ಆಗಿದೆಯಾ? ಹಿಮ್ಮಡಿ ಎಷ್ಟು ಎತ್ತರ?

ನೀಲಿದಾರ

ಇನ್ನೂ ಬಂದಿಲ್ಲ. 5 ಸೆಂ.ಮೀ. ಹಿಮ್ಮಡಿಯದು.

ಹಳೇಮೆಷಿನ್

ಹಾಗಾದರೆ ನಾಳೆ ಮಡಿಕೆ ಬೇಡ. ಬೂಟು ಬರಲಿ. ಹಾಕಿಕೊಂಡು ನಿಂತು, ಕವಚದ ಭಾರವೂ ಭುಜದ ಮೇಲೆ ಇರುವಾಗ ಗುರುತು ಹಾಕಿಸಿ.

ನೀಲಿದಾರ

ಸರಿ. ಕೋಟು ಅಲ್ಲಿಯವರೆಗೆ ನೇತಾಡುತ್ತಿರಲಿ. ನಾನು ಫೋಮ್ ಕತ್ತರಿಸಲು ಕೂರುತ್ತೇನೆ.